ಕಟ್ಟಿ ನೋಡು, ಅಳೆದು ನೋಡು

ಏಪ್ರಿಲ್ ತಿಂಗಳ ನಡುಹಗಲು. ಖಾನಾಪುರ ತಾಲೂಕಿನ ಯಾವುದಾದರೊಂದು ಹಳ್ಳಿಯ ಹಳೆಯ ಹಂಚಿನ ಮನೆಯೊಳಗೆ ಕಾಲಿಟ್ಟರೆ ಹೊರಗಿನ ಝಳ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಅಜ್ಜ ಮಲಗಿರುತ್ತಾರೆ. ಮೂಲೆಯ ಹರವಿಯಲ್ಲಿ ನೀರು ತಣ್ಣಗಿರುತ್ತದೆ. ಕರೆಂಟು ಹೋದದ್ದು ಅಜ್ಜನಿಗೆ ಗೊತ್ತೇ ಆಗುವುದಿಲ್ಲ.

ಅದೇ ಹೊತ್ತಿಗೆ ಅಲ್ಲಿಂದ ಬೆಳಗಾವಿ ನಗರಕ್ಕೆ ಬನ್ನಿ. ಮುಂಭಾಗಕ್ಕೆಲ್ಲ ಗಾಜು ಹೊದಿಸಿದ ಹೊಸ ಕಚೇರಿಯೊಂದು ಬಿಸಿಲಿಗೆ ಥಳಥಳ ಹೊಳೆಯುತ್ತಿದೆ. ಒಳಗಿರುವವರು ಕಣ್ಣು ಕೋರೈಸುತ್ತದೆಂದು ಪರದೆ ಎಳೆದಿದ್ದಾರೆ. ಪರದೆ ಎಳೆದದ್ದರಿಂದ ಕತ್ತಲಾಗಿ ಹಗಲಿನಲ್ಲೇ ದೀಪ ಹಚ್ಚಿದ್ದಾರೆ. ಗಾಜಿನಿಂದ ಬಂದ ಶಾಖವನ್ನೂ ದೀಪದ ಶಾಖವನ್ನೂ ಹೊರಹಾಕಲು ಏರ್ ಕಂಡೀಷನರ್ ಒಂದೇ ಸಮನೆ ಗುಂಯ್‌ಗುಡುತ್ತಿದೆ. ಕರೆಂಟು ಹೋಗಿ, ಜನರೇಟರೂ ಕೈಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಹೊರಗಿನ ಮರದ ನೆರಳಿಗೆ ಬಂದು ನಿಲ್ಲುತ್ತಾರೆ.

ಈ ಎರಡರಲ್ಲಿ ಆಧುನಿಕವಾದದ್ದು ಯಾವುದು? ಹಳೆಯ ಮನೆಯಲ್ಲಿ ನೂರು ಜನ ಕೂತು ಕಂಪ್ಯೂಟರ್ ಮುಂದೆ ಕೆಲಸ ಮಾಡಲಾಗದು. ಹೊಸ ಕಚೇರಿಯನ್ನು ಕರೆಂಟಿಲ್ಲದೆ ಒಂದು ತಾಸು ನಡೆಸಲಾಗದು. ಈ ಎರಡರ ನಡುವೆ ಮೂರನೆಯದೊಂದು ದಾರಿಯಿದೆ. ಹಳೆಯ ಮನೆಯ ವಿವೇಕವನ್ನು ಹೊಸ ಕಚೇರಿಯ ಅಗತ್ಯಕ್ಕೆ ಹೊಂದಿಸುವುದು. ಹೊಂದಿತೋ ಇಲ್ಲವೋ ಎಂದು ಮೀಟರು ಹಿಡಿದು ಅಳೆದು ನೋಡುವುದು. ‘ಹಸಿರು ಕಟ್ಟಡ’ ಎಂಬ ಮಾತಿನ ಹಿಂದಿರುವ ವಿಜ್ಞಾನ ಇಷ್ಟೇ. ಇದರ ಬಹುಪಾಲು ಪಾಠ ಪ್ರೌಢಶಾಲೆಯ ಪುಸ್ತಕದಲ್ಲೇ ಇದೆ.

ಸೂರ್ಯನ ಲೆಕ್ಕ

ಕಟ್ಟಡದ ಹಣೆಬರಹ ತೀರ್ಮಾನವಾಗುವುದು ಯಂತ್ರಗಳನ್ನು ಕೊಳ್ಳುವಾಗ ಅಲ್ಲ, ನಕ್ಷೆ ಬರೆಯುವಾಗ. ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಎನ್ನುವುದೇ ಮೊದಲ ಪ್ರಶ್ನೆ. ಇಲ್ಲಿ ವಾಸ್ತುವಿನ ಮಾತು ಬಂದಿಲ್ಲ, ಭೂಗೋಳದ ಮಾತು ಬಂದಿದೆ.

ಬೆಳಗಾವಿ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15.85 ಡಿಗ್ರಿ ಅಕ್ಷಾಂಶದಲ್ಲಿ. ಸೂರ್ಯ ವರ್ಷದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ 23.45 ಡಿಗ್ರಿಯಷ್ಟು ಸರಿದಂತೆ ಕಾಣುತ್ತಾನೆ. ಹೀಗಾಗಿ ಬೆಳಗಾವಿಯ ನೆತ್ತಿಯ ಮೇಲೆ ನೇರವಾಗಿ ಅವನು ಬರುವುದು ವರ್ಷಕ್ಕೆ ಎರಡೇ ಸಲ: ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಎರಡನೇ ವಾರದಲ್ಲೊಮ್ಮೆ. ಈ ಎರಡರ ನಡುವಿನ ಮೂರು ತಿಂಗಳು ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಉಳಿದ ಒಂಬತ್ತು ತಿಂಗಳು ದಕ್ಷಿಣಕ್ಕಿರುತ್ತಾನೆ. ಡಿಸೆಂಬರ್ 22ರ ಸುಮಾರಿಗೆ ನಡುಹಗಲಿನಲ್ಲಿ ಅವನ ಎತ್ತರ ದಿಗಂತದಿಂದ ಸುಮಾರು 51 ಡಿಗ್ರಿ ಮಾತ್ರ.

ಈ ಲೆಕ್ಕದಿಂದ ಆಗುವ ಉಪಯೋಗ ದೊಡ್ಡದು. ದಕ್ಷಿಣದ ಕಿಟಕಿಯ ಮೇಲೆ 1 ಮೀಟರ್ ಚಾಚಿದ ಸಜ್ಜಾ ಇದ್ದರೆ, ಸೂರ್ಯ ಅತಿ ಕೆಳಗಿರುವ ಆ ದಿನವೂ ನಡುಹಗಲಿನಲ್ಲಿ ಅದು ಸುಮಾರು 1.2 ಮೀಟರ್ ಎತ್ತರದವರೆಗೆ ನೆರಳು ಕೊಡುತ್ತದೆ. ತ್ರಿಕೋನಮಿತಿ ಓದಿದ ವಿದ್ಯಾರ್ಥಿ 51 ಡಿಗ್ರಿಯ ಟ್ಯಾಂಜೆಂಟ್ ತೆಗೆದು ಇದನ್ನು ತಾನೇ ಪರೀಕ್ಷಿಸಬಹುದು. ಮಾರ್ಚ್, ಏಪ್ರಿಲ್‌ಗಳಲ್ಲಿ ಸೂರ್ಯ ಇನ್ನೂ ಮೇಲಿರುವುದರಿಂದ ನೆರಳು ಇನ್ನೂ ಉದ್ದ. ಪೂರ್ವ ಮತ್ತು ಪಶ್ಚಿಮದ ಗೋಡೆಗಳ ಕಥೆಯೇ ಬೇರೆ. ಬೆಳಗಿನ ಮತ್ತು ಸಂಜೆಯ ಸೂರ್ಯ ಕೆಳಗಿಳಿದು ಓರೆಯಾಗಿ ನುಗ್ಗುವುದರಿಂದ ಅಲ್ಲಿ ಯಾವ ಸಜ್ಜಾವೂ ಸಾಲದು. ಆದ್ದರಿಂದ ಕಟ್ಟಡವನ್ನು ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಚಾಚಿ, ದೊಡ್ಡ ಕಿಟಕಿಗಳನ್ನು ಉತ್ತರಕ್ಕೂ ದಕ್ಷಿಣಕ್ಕೂ ಇಟ್ಟು, ಪಶ್ಚಿಮಕ್ಕೆ ಮೆಟ್ಟಿಲು, ಶೌಚಾಲಯ, ಉಗ್ರಾಣಗಳನ್ನು ಕೊಟ್ಟರೆ ಕಾಸು ಖರ್ಚಿಲ್ಲದೆ ಅರ್ಧ ಕೆಲಸ ಮುಗಿದಂತೆ. ದಿಕ್ಕು ತಪ್ಪಿದರೆ ಅದರ ದಂಡವನ್ನು ಕಟ್ಟಡ ಬಾಳುವ ಐವತ್ತು-ಅರವತ್ತು ವರ್ಷವೂ ವಿದ್ಯುತ್ ಬಿಲ್ಲಿನಲ್ಲಿ ತೆರುತ್ತಿರಬೇಕು.

ಗಾಜಿನ ಪೆಟ್ಟಿಗೆ

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆರೆದವರಿಗೆ ಗಾಜಿನ ಗುಣವನ್ನು ಬೇರೆ ಹೇಳಬೇಕಾಗಿಲ್ಲ. ಸೂರ್ಯನ ಬೆಳಕು ಗಾಜನ್ನು ಸುಲಭವಾಗಿ ದಾಟಿ ಒಳಬರುತ್ತದೆ. ಒಳಗಿನ ಮೇಜು, ನೆಲ, ಗೋಡೆಗಳು ಅದನ್ನು ಹೀರಿ ಬಿಸಿಯಾಗಿ, ಉದ್ದ ಅಲೆಗಳ ಶಾಖವಾಗಿ ಹೊರಸೂಸುತ್ತವೆ. ಆ ಉದ್ದ ಅಲೆಗಳನ್ನು ಗಾಜು ಹೊರಗೆ ಬಿಡುವುದಿಲ್ಲ. ಬಂದ ನೆಂಟ ಹೊರಡಲೊಲ್ಲ ಎನ್ನುವ ಸ್ಥಿತಿ.

ಚಳಿ ದೇಶಗಳಲ್ಲಿ ಇದು ವರ. ಅಲ್ಲಿನವರು ಚಳಿಗಾಲದ ಎಳೆಬಿಸಿಲನ್ನು ಒಳಗೆ ಹಿಡಿದಿಡಲು ಗಾಜು ಬಳಸುತ್ತಾರೆ. ಅದೇ ಗಾಜಿನ ಗೋಪುರದ ಚಿತ್ರವನ್ನು ಕಂಡು ನಮ್ಮ ಊರುಗಳಲ್ಲೂ ಅದನ್ನೇ ಎಬ್ಬಿಸಿದರೆ ಮೈಸುಡುವ ಬೇಸಿಗೆಯಲ್ಲಿ ಉಣ್ಣೆಯ ಕೋಟು ತೊಟ್ಟಂತಾಗುತ್ತದೆ. ಅದೂ ಬೆಳಗಾವಿಯಂಥ ಊರಿನಲ್ಲಿ! ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಏಪ್ರಿಲ್‌ನ ಹಗಲು 35-36 ಡಿಗ್ರಿ ಮುಟ್ಟಿದರೂ ರಾತ್ರಿ ಉಷ್ಣತೆ 20ರ ಆಸುಪಾಸಿಗೆ ಇಳಿಯುತ್ತದೆ. ರಾತ್ರಿಯ ತಂಪನ್ನು ಗೋಡೆಯಲ್ಲಿ ತುಂಬಿಟ್ಟುಕೊಂಡು ಹಗಲಿನಲ್ಲಿ ಬಳಸುವ ಸೌಲಭ್ಯ ಪ್ರಕೃತಿಯೇ ಕೊಟ್ಟಿದೆ. ದಪ್ಪ ಮಣ್ಣಿನ ಗೋಡೆಯ ಮನೆಗಳು ಮಾಡುತ್ತ ಬಂದದ್ದು ಇದನ್ನೇ. ತೆಳು ಗಾಜಿಗೆ ಈ ಶಕ್ತಿ ಇಲ್ಲ.

ಹಾಗೆಂದು ಹಂಚಿನ ಮನೆಯ ತಂಪೆಲ್ಲ ಹಂಚಿನಿಂದಲೇ ಬಂತು ಎಂದು ತಿಳಿಯಬಾರದು. ಬಿಸಿಲಿಗೆ ಹಂಚೂ ಕಾಯುತ್ತದೆ. ಆದರೆ ಇಳಿಜಾರಿನ ಮಾಡು ಎತ್ತರವಾಗಿದ್ದು, ಬಿಸಿಗಾಳಿ ಹಗುರಾಗಿ ಮೇಲೇರಿ ಹಂಚಿನ ಸಂದುಗಳಿಂದ ಹೊರಬೀಳುತ್ತದೆ. ಕೆಳಗಿನ ಕಿಟಕಿಗಳಿಂದ ತಂಪುಗಾಳಿ ಒಳಬರುತ್ತದೆ. ಅಟ್ಟವಿದ್ದರೆ ಅದೇ ಒಂದು ಕೊಡೆ. ಉದ್ದಕ್ಕೆ ಇಳಿಬಿಟ್ಟ ಸೂರು ಮಳೆಗೂ ತಡೆ, ಬಿಸಿಲಿಗೂ ತಡೆ. ಇವೆಲ್ಲ ಸೇರಿದ ಫಲ ಆ ತಂಪು.

ಬೆಂಗಳೂರಿನ ಕಪ್ಪು ಗೋಡೆ

ಬಿಸಿಗಾಳಿ ಮೇಲೇರುತ್ತದೆ ಎಂಬ ಈ ಒಂದೇ ತತ್ವದ ಮೇಲೆ ಇಡೀ ಕಚೇರಿಯನ್ನು ನಿಲ್ಲಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ದೊಮ್ಮಲೂರಿನಲ್ಲಿ ಶಕ್ತಿ ಮತ್ತು ಸಂಪನ್ಮೂಲಗಳ ಸಂಸ್ಥೆ, ಅಂದರೆ ‘ಟೆರಿ’, ತನ್ನ ದಕ್ಷಿಣ ವಲಯದ ಕಚೇರಿಯನ್ನು ಕಟ್ಟಿಸಿತು. ವಿನ್ಯಾಸ ವಾಸ್ತುಶಿಲ್ಪಿ ಸಂಜಯ್ ಮೊಹೆ ಅವರದು.

ನಿವೇಶನಕ್ಕೆ ಒಂದು ದೊಡ್ಡ ಪೀಡೆಯಿತ್ತು. ದಕ್ಷಿಣದ ಬದಿಯಲ್ಲಿ ದುರ್ವಾಸನೆಯ ದೊಡ್ಡ ಚರಂಡಿ. ಗಾಳಿ ಬೀಸುವುದೂ ಆ ಕಡೆಯಿಂದಲೇ. ಕಿಟಕಿ ತೆರೆದರೆ ನಾತ, ಮುಚ್ಚಿದರೆ ಸೆಕೆ. ಬೇರೆಯವರಾದರೆ ನಾಲ್ಕೂ ಕಡೆ ಗಾಜು ಬಿಗಿದು ಏರ್ ಕಂಡೀಷನರ್ ಹಾಕಿ ಕೈತೊಳೆದುಕೊಳ್ಳುತ್ತಿದ್ದರೇನೋ. ಇಲ್ಲಿ ಮಾಡಿದ್ದೇ ಬೇರೆ.

ದಕ್ಷಿಣದ ಬದಿಗೆ ಕಿಟಕಿಯಿಲ್ಲದ ಜೋಡಿ ಗೋಡೆ ಎಬ್ಬಿಸಿ, ನಡುವೆ ಟೊಳ್ಳು ಬಿಟ್ಟು, ಹೊರಮೈಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಕಪ್ಪು ಬಣ್ಣ ಶಾಖವನ್ನು ಹೆಚ್ಚು ಹೀರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ದಕ್ಷಿಣದ ಬಿಸಿಲಿಗೆ ಕಲ್ಲು ಕಾದು, ಟೊಳ್ಳಿನೊಳಗಿನ ಗಾಳಿ ಬಿಸಿಯಾಗಿ, ಒಲೆಯ ಹೊಗೆಕೊಳವೆಯಲ್ಲಿ ಏರುವಂತೆ ಮೇಲೇರಿ ಹೊರಬೀಳುತ್ತದೆ. ಅದು ತೆರವು ಮಾಡಿದ ಜಾಗಕ್ಕೆ ಕಚೇರಿಯೊಳಗಿನ ಗಾಳಿ ಬರುತ್ತದೆ. ಕಚೇರಿಯೊಳಕ್ಕೆ ಉತ್ತರದ ಕಿಟಕಿಗಳಿಂದ ಹೊಸ ಗಾಳಿ ಬರುತ್ತದೆ. ಚರಂಡಿಗೆ ಬೆನ್ನು, ಒಳ್ಳೆಯ ಗಾಳಿಗೆ ಮುಖ. ಬಿಸಿಲು ಹೆಚ್ಚಿದಷ್ಟೂ ಗಾಳಿಯ ಸೆಳೆತ ಹೆಚ್ಚು! ಸೆಕೆ ತರುವ ಸೂರ್ಯನಿಂದಲೇ ಬೀಸಣಿಗೆ ಹಾಕಿಸಿಕೊಳ್ಳುವ ಉಪಾಯ ಇದು.

ಉತ್ತರದ ಬೆಳಕು ಕಣ್ಣು ಕೋರೈಸುವುದಿಲ್ಲ. ಮೇಲ್ಛಾವಣಿಯ ಬೆಳಕಿಂಡಿಗಳಿಂದಲೂ ಬೆಳಕು ಇಳಿಯುತ್ತದೆ. ಹೀಗಾಗಿ ಹಗಲಿನಲ್ಲಿ ದೀಪದ ಅಗತ್ಯ ಬಹಳ ಕಡಿಮೆ. ತಾರಸಿಯ ಮೇಲೆ ಮಣ್ಣು ಹಾಕಿ ಹುಲ್ಲು ಗಿಡ ಬೆಳೆಸಿದ್ದರಿಂದ ಛಾವಣಿ ಕಾಯುವುದಿಲ್ಲ. ಮಳೆಯ ನೀರನ್ನು ಹಿಡಿದಿಡುವ ವ್ಯವಸ್ಥೆಯೂ ಇದೆ.

ಒಂದೇ ಕಟ್ಟಡ, ಎರಡು ಹೋಳು

ಟೆರಿಯದು ಚಿಕ್ಕ ಕಚೇರಿ. ಸಾವಿರಾರು ಜನ ಕೂರುವ ದೊಡ್ಡ ಆವರಣದಲ್ಲಿ, ಹೈದರಾಬಾದಿನಂಥ ಸುಡುಬಿಸಿಲಿನ ಊರಿನಲ್ಲಿ ಏನು ಮಾಡಬೇಕು? ಅಲ್ಲಿ ಯಂತ್ರದ ತಂಪು ಬೇಕೇ ಬೇಕು. ಆದರೆ ಯಾವ ಯಂತ್ರ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ರೀತಿ ಪ್ರತಿ ವಿಜ್ಞಾನದ ವಿದ್ಯಾರ್ಥಿಯೂ ತಿಳಿಯಬೇಕಾದದ್ದು.

ಬೆಂಗಳೂರಿನ ಇನ್ಫೋಸಿಸ್ ಕಂಪನಿ 2011ರಲ್ಲಿ ಹೈದರಾಬಾದ್ ಹತ್ತಿರದ ಪೋಚಾರಂ ಆವರಣದಲ್ಲಿ ಒಂದು ಕಟ್ಟಡ ಕಟ್ಟಿತು. ಅದನ್ನು ಸರಿಯಾಗಿ ನಡುವೆ ಸೀಳಿದಂತೆ ಎರಡು ಸಮನಾದ ಹೋಳುಗಳಾಗಿ ಮಾಡಲಾಯಿತು. ಗೋಡೆ, ಛಾವಣಿ, ಗಾಜು, ನೆರಳು ಎಲ್ಲ ಎರಡಕ್ಕೂ ಒಂದೇ ತೆರ. ವ್ಯತ್ಯಾಸ ಒಂದರಲ್ಲಿ ಮಾತ್ರ. ಒಂದು ಹೋಳಿಗೆ ಎಲ್ಲೆಡೆ ಇರುವಂಥ, ಆದರೆ ಉತ್ತಮ ದರ್ಜೆಯ ಹವಾನಿಯಂತ್ರಣ. ಇನ್ನೊಂದು ಹೋಳಿನ ಕಾಂಕ್ರೀಟ್ ಛಾವಣಿಯೊಳಗೇ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ತಣ್ಣೀರು ಹರಿಸುವ ಏರ್ಪಾಡು. ಛಾವಣಿ ತಂಪಾಗಿದ್ದರೆ ಅದರ ಕೆಳಗಿರುವ ಜನರ, ಕಂಪ್ಯೂಟರುಗಳ ಶಾಖವನ್ನು ಅದು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹಳೆಯ ಕಲ್ಲಿನ ಗುಡಿಯೊಳಗೆ ಹೊಕ್ಕಾಗ ಮೈಗೆ ತಂಪೆನಿಸುವುದೂ ಹೀಗೆಯೇ.

ಗಾಳಿಯ ಬದಲು ನೀರೇಕೆ? ಒಂದು ಘನ ಮೀಟರ್ ಗಾಳಿಯ ಉಷ್ಣತೆಯನ್ನು 1 ಡಿಗ್ರಿ ಏರಿಸಲು ಸುಮಾರು 1.2 ಕಿಲೋಜೂಲ್ ಸಾಕು. ಅಷ್ಟೇ ಗಾತ್ರದ ನೀರಿಗೆ ಬೇಕಾದದ್ದು ಸುಮಾರು 4,180 ಕಿಲೋಜೂಲ್. ಎಂದರೆ ನೀರು ಗಾಳಿಗಿಂತ ಮೂರು ಸಾವಿರ ಪಟ್ಟಿಗೂ ಮಿಕ್ಕಿ ಶಾಖವನ್ನು ಹೊತ್ತೊಯ್ಯಬಲ್ಲದು. ದೊಡ್ಡ ದೊಡ್ಡ ಫ್ಯಾನುಗಳು ಮಾಡುವ ಕೆಲಸವನ್ನು ಚಿಕ್ಕ ಪಂಪು ಮಾಡುತ್ತದೆ. ಸಾಮಾನ್ಯ ವ್ಯವಸ್ಥೆಯಲ್ಲಿ ನೀರನ್ನು 7 ಡಿಗ್ರಿಯ ಆಸುಪಾಸಿಗೆ ತಣಿಸಿದರೆ, ಇಲ್ಲಿ ಅದರ ಇಮ್ಮಡಿಯಷ್ಟು ಉಷ್ಣತೆಯ ನೀರೇ ಸಾಕು. ನೀರನ್ನು ತೀರ ತಣಿಸುವಂತೆಯೂ ಇಲ್ಲ. ತಣಿಸಿದರೆ ಛಾವಣಿಯ ಮೇಲೆ ಇಬ್ಬನಿ ಕಟ್ಟಿ ಹನಿ ಹನಿಯಾಗಿ ತಲೆಯ ಮೇಲೆ ಬಿದ್ದೀತು. ಅದಕ್ಕಾಗಿ ಒಳಬರುವ ಹೊಸ ಗಾಳಿಯ ತೇವವನ್ನು ಮೊದಲೇ ತೆಗೆದುಬಿಡುತ್ತಾರೆ.

ಎರಡೂ ಹೋಳುಗಳಿಗೆ ಬೇರೆ ಬೇರೆ ಮೀಟರು ಇಟ್ಟು ಅಳೆದಾಗ, ಕೊಳವೆ ಹುದುಗಿಸಿದ ಹೋಳು ತಂಪಿಗಾಗಿ ಬಳಸಿದ ವಿದ್ಯುತ್ತು ಇನ್ನೊಂದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆಯಿತ್ತು. ಅದನ್ನು ಅಳವಡಿಸಲು ತಗಲಿದ ಖರ್ಚೂ ಹೆಚ್ಚಾಗಲಿಲ್ಲ, ತುಸು ಕಡಿಮೆಯೇ ಆಯಿತು.

ಇಲ್ಲಿ ಗಮನಿಸಬೇಕಾದದ್ದು ಯಂತ್ರಕ್ಕಿಂತ ಪ್ರಯೋಗದ ಕ್ರಮವನ್ನು. ಉಳಿದೆಲ್ಲವನ್ನೂ ಸಮನಾಗಿಟ್ಟು ಒಂದನ್ನು ಮಾತ್ರ ಬದಲಿಸಿ ಫಲವನ್ನು ಅಳೆಯುವುದು ವಿಜ್ಞಾನದ ಮೊದಲ ಪಾಠ. ಶಾಲೆಯ ಪ್ರಯೋಗಾಲಯದಲ್ಲಿ ಎರಡು ಪ್ರನಾಳಗಳಲ್ಲಿ ಮಾಡುವುದನ್ನು ಇಲ್ಲಿ ಇಡೀ ಕಟ್ಟಡದಲ್ಲಿ ಮಾಡಲಾಯಿತು. ‘ನಮ್ಮದು ಹಸಿರು ಕಟ್ಟಡ’ ಎಂದು ಬೋರ್ಡು ಬರೆಸುವುದು ಸುಲಭ. ಮೀಟರು ತೋರಿಸುವುದು ಕಷ್ಟ.

ಈ ಕಟ್ಟಡದ ಎರಡೂ ಹೋಳುಗಳಲ್ಲಿ ಯಂತ್ರಕ್ಕೆ ಮೊದಲೇ ಮಾಡಿದ ಕೆಲಸವೂ ಇದೆ. ಗೋಡೆಯಲ್ಲಿ ಗಾಜಿನ ಪಾಲು ಕಡಿಮೆ. ಕಿಟಕಿಗಳಿಗೆ ನೆರಳಿದೆ. ಕಿಟಕಿಯ ಮೇಲ್ಭಾಗದಲ್ಲಿ ಅಡ್ಡಲಾಗಿ ಕೂರಿಸಿದ ಹಲಗೆಗಳು ಬೆಳಕನ್ನು ಛಾವಣಿಗೆ ಚಿಮ್ಮಿಸಿ ಕೋಣೆಯ ಒಳಮೂಲೆಗೂ ತಲುಪಿಸುತ್ತವೆ. ಮೊದಲು ಶಾಖ ಬರದಂತೆ ತಡೆ, ಬಂದದ್ದನ್ನು ಕಡಿಮೆ ಖರ್ಚಿನಲ್ಲಿ ಹೊರಹಾಕು ಎಂಬುದು ಕ್ರಮ. ಸೌರಫಲಕ ಬರುವುದು ಇವೆಲ್ಲ ಆದ ಮೇಲೆ. ತೂತು ಕೊಡಕ್ಕೆ ಎಷ್ಟು ನೀರು ಹೊತ್ತರೇನು? ತೂತು ಮುಚ್ಚಿದ ಮೇಲೆ ಹೊತ್ತ ನೀರು ನಿಲ್ಲುತ್ತದೆ.

ಮಳೆಯೂರಿನ ನೀರಡಿಕೆ

ಕಚೇರಿಯ ಆವರಣಕ್ಕೆ ತಂಪಿನಷ್ಟೇ ಮುಖ್ಯವಾದದ್ದು ನೀರು. ಬೆಳಗಾವಿ ನಗರದಲ್ಲಿ ವರ್ಷಕ್ಕೆ ಸುಮಾರು 1,200 ಮಿಲಿಮೀಟರ್ ಮಳೆ ಬೀಳುತ್ತದೆ. ಪಕ್ಕದ ಖಾನಾಪುರ ತಾಲೂಕಿನ ಪಶ್ಚಿಮ ಅಂಚಿನ ಕಣಕುಂಬಿಯಲ್ಲಂತೂ ಇದರ ಹಲವು ಪಟ್ಟು. ಮಲಪ್ರಭೆ ಹುಟ್ಟುವುದು ಅಲ್ಲಿಯೇ. ಆದರೂ ಬೇಸಿಗೆಯಲ್ಲಿ ನದಿ ಸೊರಗುತ್ತದೆ, ನಗರದ ನಲ್ಲಿಗಳಲ್ಲಿ ನೀರು ದಿನ ಬಿಟ್ಟು ದಿನ ಎನ್ನುವಂತಾಗುತ್ತದೆ. ಮಳೆಗೆ ಕೊರತೆಯಿಲ್ಲ, ಹಿಡಿದಿಡುವುದಕ್ಕೆ ಕೊರತೆ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಈ ಒಂದು ಸೂತ್ರ ನೆನಪಿದ್ದರೆ ಉಳಿದದ್ದು ಗುಣಾಕಾರ. ಸಾವಿರ ಜನ ಕೆಲಸ ಮಾಡುವ ಒಂದು ಕಚೇರಿಯ ಛಾವಣಿ 2,000 ಚದರ ಮೀಟರ್ ಇದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಅದರ ಮೇಲೆ ಬೀಳುವ ನೀರು 24 ಲಕ್ಷ ಲೀಟರ್. ಐದರಲ್ಲಿ ನಾಲ್ಕು ಪಾಲು ಕೈಗೆ ಸಿಕ್ಕರೂ 19 ಲಕ್ಷ ಲೀಟರಿಗೆ ಮಿಕ್ಕುತ್ತದೆ.

ಕಚೇರಿಯಲ್ಲಿ ಒಬ್ಬರಿಗೆ ದಿನಕ್ಕೆ 45 ಲೀಟರ್ ನೀರು ಬೇಕೆಂಬುದು ರೂಢಿಯ ಲೆಕ್ಕ. ಅದರಲ್ಲಿ 20 ಲೀಟರ್ ಶೌಚಾಲಯದಲ್ಲಿ ಸುರಿದುಹೋಗುವ ನೀರು. ಎಲ್ಲದಕ್ಕೂ ಹೊಸ ನೀರನ್ನೇ ಬಳಸಿದರೆ ಸಾವಿರ ಜನರಿಗೆ ದಿನಕ್ಕೆ 45,000 ಲೀಟರ್ ಬೇಕು. ಛಾವಣಿಯ ನೀರು 42 ದಿನಕ್ಕೆ ತೀರುತ್ತದೆ. ಕೈತೊಳೆದ, ಪಾತ್ರೆ ತೊಳೆದ ನೀರನ್ನು ಆವರಣದಲ್ಲೇ ಶುದ್ಧಗೊಳಿಸಿ ಶೌಚಾಲಯಕ್ಕೆ ಕೊಟ್ಟರೆ ದಿನಕ್ಕೆ ಹೊಸ ನೀರು 25,000 ಲೀಟರ್ ಸಾಕು. ಅದೇ ಮಳೆ 76 ದಿನಕ್ಕೆ ಬರುತ್ತದೆ. ಒಂದು ಹನಿ ಹೆಚ್ಚು ಮಳೆ ಬೀಳಲಿಲ್ಲ. ಬಳಕೆಯ ಕ್ರಮ ಬದಲಾಯಿತು, ಅಷ್ಟೆ.

ಬೆಳಗಾವಿಯ ಪಾಲಿಗೆ ಇದು ಹೊಸ ಪಾಠವೇನಲ್ಲ. 1924ರ ಡಿಸೆಂಬರಿನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಇಲ್ಲಿನ ತಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಬಂದ ಸಾವಿರಾರು ಜನರ ನೀರಡಿಕೆಗೆಂದು ಸ್ಥಳದಲ್ಲೇ ಬಾವಿ ತೋಡಲಾಯಿತು. ಪಂಪಾ ಸರೋವರ ಎಂದು ಅದಕ್ಕೆ ಹೆಸರಿಟ್ಟರು. ಕಾಂಗ್ರೆಸ್ ಬಾವಿ ಎಂದೇ ಜನ ಅದನ್ನು ಕರೆಯುತ್ತ ಬಂದಿದ್ದಾರೆ. ದೊಡ್ಡ ಸಭೆಯೊಂದನ್ನು ಕರೆಯುವಾಗ ನೀರಿನ ವ್ಯವಸ್ಥೆಯನ್ನು ಅದೇ ನೆಲದಲ್ಲಿ ಮಾಡಿಕೊಳ್ಳಬೇಕೆಂಬ ತಿಳಿವಳಿಕೆ ಅಂದಿನವರಿಗಿತ್ತು. ಮುಂದೆ 1990ರ ದಶಕದ ನಡುವಿನಲ್ಲಿ ನಗರಕ್ಕೆ ನೀರಿನ ಬರ ಬಂದಾಗ, ಕಸ ತುಂಬಿ ಮರೆತುಹೋಗಿದ್ದ ಹಳೆಯ ಬಾವಿಗಳ ಹೂಳೆತ್ತಿ ಮತ್ತೆ ಬಳಕೆಗೆ ತಂದದ್ದೂ ಇದೇ ಊರು. ಬಾವಿಗೆ ನೀರು ಬರುವುದು ನೆಲದಿಂದ. ನೆಲಕ್ಕೆ ಬರುವುದು ಮಳೆಯಿಂದ. ಆವರಣಕ್ಕೆಲ್ಲ ಸಿಮೆಂಟು ಬಳಿದು ಮಳೆನೀರನ್ನು ಗಟಾರಕ್ಕೆ ಬಿಟ್ಟ ಮೇಲೆ ಬೋರ್‌ವೆಲ್ ಒಣಗಿತೆಂದು ಹಲುಬಿದರೆ ಏನು ಬಂತು?

ಖಾನಾಪುರದ ಮಣ್ಣು

ಕಟ್ಟಡ ಎದ್ದ ಮೇಲೆ ಉಳಿಸುವ ವಿದ್ಯುತ್ತು ಒಂದು ಲೆಕ್ಕ. ಕಟ್ಟುವಾಗಲೇ ಖರ್ಚಾಗುವ ಶಕ್ತಿ ಇನ್ನೊಂದು ಲೆಕ್ಕ. ಇಟ್ಟಿಗೆ ಸುಡಲು, ಸಿಮೆಂಟು ತಯಾರಿಸಲು, ಉಕ್ಕು ಕರಗಿಸಲು ಅಪಾರ ಇಂಧನ ಬೇಕು. ಜಗತ್ತಿನ ಇಂಗಾಲದ ಡೈ ಆಕ್ಸೈಡಿನ ನೂರರಲ್ಲಿ ಸುಮಾರು ಏಳೆಂಟು ಪಾಲು ಸಿಮೆಂಟ್ ಉದ್ಯಮದಿಂದಲೇ ಬರುತ್ತದೆ.

ಖಾನಾಪುರದ ಜೇಡಿ ಮಣ್ಣಿಗೆ ಹಿಂದಿನಿಂದಲೂ ಹೆಸರು. ಇಲ್ಲಿನ ಇಟ್ಟಿಗೆ, ಹಂಚು, ಮಣ್ಣಿನ ಪಾತ್ರೆಗಳು ಸುತ್ತಮುತ್ತಲ ಊರುಗಳಿಗೆ ಹೋಗುತ್ತವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಖಾನಾಪುರದಲ್ಲೇ. ಹತ್ತಿರದ ಸಾಮಗ್ರಿ ಬಳಸಿದರೆ ಲಾರಿಯ ಡೀಸೆಲ್ ಉಳಿಯುತ್ತದೆ, ಊರಿನ ಕೈಗಳಿಗೆ ಕೆಲಸ ಸಿಗುತ್ತದೆ ಎಂಬುದು ನಿಜ. ಆದರೆ ಇಟ್ಟಿಗೆಯೂ ಪುಕ್ಕಟೆಯಲ್ಲ. ಅದು ಹೊಲದ ಮೇಲ್ಮಣ್ಣನ್ನು ತಿನ್ನುತ್ತದೆ. ಭಟ್ಟಿ ಸೌದೆಯನ್ನೋ ಕಲ್ಲಿದ್ದಲನ್ನೋ ತಿನ್ನುತ್ತದೆ. ಭೀಮಗಡದಂಥ ಅಭಯಾರಣ್ಯವನ್ನು ಮಡಿಲಲ್ಲಿಟ್ಟುಕೊಂಡ ತಾಲೂಕು ಈ ಮಾತನ್ನು ಮರೆಯುವಂತಿಲ್ಲ.

ದಾರಿ ಇಲ್ಲದಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆಗಳನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟುವ ಕ್ರಮವನ್ನು ಜನಪ್ರಿಯಗೊಳಿಸಿದರು. ನಾಲ್ಕು ಇಟ್ಟಿಗೆ ಬೇಕಾದಲ್ಲಿ ಸುಮಾರು ಮೂರೇ ಸಾಕು. ಒಳಗೆ ಸಿಕ್ಕಿಕೊಂಡ ಗಾಳಿ ಶಾಖವನ್ನೂ ತಡೆಯುತ್ತದೆ. ಕಾಂಕ್ರೀಟ್ ಛಾವಣಿಯಲ್ಲಿ ಭಾರ ಹೊರದ ಜಾಗಗಳಿಗೆ ಹಂಚುಗಳನ್ನು ತುಂಬಿ ಸಿಮೆಂಟು ಉಳಿಸುವುದನ್ನೂ ಅವರು ತೋರಿಸಿಕೊಟ್ಟರು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ಆವರಣ ಅವರ ಕೈಕೆಲಸಕ್ಕೆ ಸಾಕ್ಷಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಬಳಸುವ ಗಟ್ಟಿ ಇಟ್ಟಿಗೆಯನ್ನು ಬಳಕೆಗೆ ತಂದರು. ಸುಡಬೇಕಿಲ್ಲವಾದರೆ ಸೌದೆಯೂ ಬೇಕಿಲ್ಲ.

ಕುಂಬಾರರ ಹರವಿಯೂ ಒಂದು ಪಾಠ ಹೇಳುತ್ತದೆ. ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಎಳೆದೊಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖದ ಪ್ರಮಾಣ ಎಷ್ಟೆಂದರೆ, ಅಷ್ಟನ್ನು ತೆಗೆದರೆ ಐವತ್ತಕ್ಕೂ ಹೆಚ್ಚು ಲೀಟರ್ ನೀರಿನ ಉಷ್ಣತೆ 10 ಡಿಗ್ರಿ ಇಳಿಯುತ್ತದೆ! ಆವರಣದ ಮರಗಳು ಎಲೆಗಳ ಮೂಲಕ ಮಾಡುವುದೂ ಇದನ್ನೇ. ಮರ ಬರಿಯ ನೆರಳಲ್ಲ, ಸದ್ದಿಲ್ಲದೆ ಕೆಲಸ ಮಾಡುವ ತಂಪಿನ ಯಂತ್ರ. ವೇಣುಗ್ರಾಮ, ಎಂದರೆ ಬಿದಿರಿನ ಊರು, ಎಂದು ಹಳೆಯ ಹೆಸರು ಹೊತ್ತ ಬೆಳಗಾವಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಖಾಲಿ ಕೋಣೆಯ ಬೆಲೆ

ಬೆಳಗಾವಿಯಲ್ಲಿ ದೊಡ್ಡ ಕಚೇರಿ ಆವರಣ ಎಂದರೆ ಮೊದಲು ಕಣ್ಣಿಗೆ ಬರುವುದು ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕ, ಹಲಗಾ-ಬಸ್ತವಾಡದ ಎತ್ತರದ ನೆಲದ ಮೇಲೆ ನಿಂತ ಸುವರ್ಣ ವಿಧಾನಸೌಧ. 2012ರ ಅಕ್ಟೋಬರ್ 11ರಂದು ಅಂದಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅದನ್ನು ಉದ್ಘಾಟಿಸಿದರು. ಚಳಿಗಾಲದ ಅಧಿವೇಶನ ಅಲ್ಲಿ ನಡೆಯುವುದು ವರ್ಷದಲ್ಲಿ ಕೆಲವೇ ದಿನ. ಉಳಿದ ದಿನಗಳಲ್ಲೂ ಸೌಧ ತುಂಬಿರಬೇಕು, ರಾಜ್ಯಮಟ್ಟದ ಕಚೇರಿಗಳು ಅಲ್ಲಿಗೆ ಬರಬೇಕು ಎಂಬ ಬೇಡಿಕೆ ಉತ್ತರ ಕರ್ನಾಟಕದ ಜನರದು.

ಸಾಮಾನ್ಯವಾಗಿ ಇದನ್ನು ರಾಜಕೀಯದ ಮಾತಾಗಿ ಕೇಳುತ್ತೇವೆ. ವಿಜ್ಞಾನದ ಕಣ್ಣಿನಿಂದಲೂ ಇದು ಸರಿಯಾದ ಮಾತೇ. ಕಲ್ಲು, ಸಿಮೆಂಟು, ಉಕ್ಕುಗಳಿಗೆ ತಗಲಿದ ಶಕ್ತಿ ಈಗಾಗಲೇ ಖರ್ಚಾಗಿದೆ. ಕೋಣೆ ತುಂಬಿದ್ದರೂ ಖಾಲಿಯಿದ್ದರೂ ಅದು ಮರಳಿ ಬರದು. ಇರುವ ಕಟ್ಟಡವನ್ನು ತುಂಬ ಬಳಸಿದರೆ ಇನ್ನೊಂದನ್ನು ಕಟ್ಟುವ ಇಟ್ಟಿಗೆ, ಸಿಮೆಂಟು ಪೂರ್ತಿ ಉಳಿಯುತ್ತದೆ. ಕಟ್ಟದೆ ಬಿಟ್ಟ ಕಟ್ಟಡಕ್ಕಿಂತ ಹಸಿರು ಕಟ್ಟಡ ಬೇರೊಂದಿಲ್ಲ. ಶಾಲೆಯ ಖಾಲಿ ಕೋಣೆಗೂ ಊರಿನ ಬೀಗ ಹಾಕಿದ ಸಮುದಾಯ ಭವನಕ್ಕೂ ಈ ಲೆಕ್ಕ ಅನ್ವಯಿಸುತ್ತದೆ.

ನಾಳೆ ಬೆಳಿಗ್ಗೆಯೇ ಆರಂಭ

ಇದನ್ನೆಲ್ಲ ಓದಿದ ವಿದ್ಯಾರ್ಥಿಗೆ ಇನ್ಫೋಸಿಸ್‌ನಂಥ ಕಟ್ಟಡ ಕೈಗೆ ಸಿಗಲಿಕ್ಕಿಲ್ಲ. ಪ್ರಯೋಗಕ್ಕೆ ಎರಡು ಬೂಟಿನ ಡಬ್ಬಿ ಸಾಕು. ಒಂದೇ ಅಳತೆಯ ಎರಡು ರಟ್ಟಿನ ಡಬ್ಬಿಗಳನ್ನು ತೆಗೆದುಕೊಂಡು ಒಂದರ ಮುಚ್ಚಳಕ್ಕೆ ಸುಣ್ಣ ಬಳಿಯಬೇಕು, ಇನ್ನೊಂದಕ್ಕೆ ಕಪ್ಪು ಬಣ್ಣ. ಎರಡರೊಳಗೂ ಉಷ್ಣತಾಮಾಪಕ ಇಟ್ಟು, ಬಿಸಿಲಿನಲ್ಲಿ ಒಂದೇ ಜಾಗದಲ್ಲಿರಿಸಿ, ಹತ್ತು ಹತ್ತು ನಿಮಿಷಕ್ಕೆ ಅಂಕಿ ಬರೆದುಕೊಳ್ಳಬೇಕು. ಮುಚ್ಚಳವೊಂದು ಬಿಟ್ಟು ಬೇರೇನೂ ಬದಲಾಗಬಾರದು. ಒಂದು ತಾಸಿನ ನಂತರ ಗ್ರಾಫ್ ಕಾಗದದ ಮೇಲೆ ಎರಡು ಗೆರೆ ಎಳೆದರೆ, ತಾರಸಿಗೆ ಸುಣ್ಣ ಬಳಿಯುವುದರ ಬೆಲೆ ಎಷ್ಟೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ. ಇನ್ನೂ ಆಸಕ್ತಿ ಇದ್ದರೆ ಮೂರನೆಯ ಡಬ್ಬಿಗೆ ಗಾಜಿನ ಮುಚ್ಚಳ ಹಾಕಿ ನೋಡಬಹುದು.

ಪಾಲಕರಿಗೂ ಇಲ್ಲಿ ಕೆಲಸವಿದೆ. ಹೊಸ ಮನೆ ಕಟ್ಟಿಸುವವರು ನಕ್ಷೆಯ ಮುಂದೆ ಮಗನನ್ನೋ ಮಗಳನ್ನೋ ಕೂರಿಸಿಕೊಂಡು, ಪಶ್ಚಿಮದ ಬಿಸಿಲು ಯಾವ ಕೋಣೆಗೆ ಬೀಳುತ್ತದೆ, ಛಾವಣಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಲಿ. 100 ಚದರ ಮೀಟರ್ ತಾರಸಿಯ ಮೇಲೆ ಬೆಳಗಾವಿಯ ಮಳೆ ವರ್ಷಕ್ಕೆ 1,20,000 ಲೀಟರ್ ನೀರು ಸುರಿಯುತ್ತದೆ ಎಂಬ ಲೆಕ್ಕವನ್ನು ಮಗುವೇ ಮಾಡಲಿ. ಈಗಾಗಲೇ ಏರ್ ಕಂಡೀಷನರ್ ಇರುವ ಮನೆಯವರು ಅದನ್ನು 18ಕ್ಕೆ ಇಳಿಸುವ ಬದಲು 24 ಡಿಗ್ರಿಗೆ ಇಟ್ಟು ನೋಡಲಿ. ಒಂದೊಂದು ಡಿಗ್ರಿ ಏರಿಸಿದಾಗಲೂ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಆರರಷ್ಟು ಉಳಿತಾಯವೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಅದು ನಿಜವೋ ಸುಳ್ಳೋ ಎಂಬುದನ್ನು ಗೋಡೆಯ ಮೇಲಿನ ಮೀಟರೇ ಹೇಳಲಿ.

ಬೆಳಗಾವಿ ಬೆಳೆಯುತ್ತಿದೆ. 2016ರಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಇಲ್ಲಿಯೇ ಇದೆ. ನಾಳೆಯ ಎಂಜಿನಿಯರುಗಳು, ವಾಸ್ತುಶಿಲ್ಪಿಗಳು ಇಂದು ಇಲ್ಲಿನ ಮತ್ತು ಖಾನಾಪುರದ ಶಾಲೆಗಳ ಬೆಂಚಿನ ಮೇಲೆ ಕುಳಿತಿದ್ದಾರೆ. ಅವರು ಎಬ್ಬಿಸುವ ಕಚೇರಿಗಳಲ್ಲಿ ಅವರ ಮಕ್ಕಳು ಕೆಲಸ ಮಾಡುತ್ತಾರೆ. ಆ ಕೋಣೆಗಳು ತಂಪಾಗಿರುತ್ತವೆಯೋ, ಹೊರಗಿನ ಮರದ ನೆರಳಿಗೆ ಓಡಿಸುತ್ತವೆಯೋ ಎಂಬುದು ಬಹುಮಟ್ಟಿಗೆ ಇಂದಿನ ಪಾಠದ ಮೇಲೆ ನಿಂತಿದೆ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿರಿಯರು. ಕಟ್ಟಿದ ಮೇಲೆ ಅಳೆದೂ ನೋಡು ಎಂದು ಅದಕ್ಕೆ ಒಂದು ಮಾತು ಸೇರಿಸಿಕೊಂಡರೆ ತಪ್ಪಾಗಲಾರದು.